ಆರೋಗ್ಯಸಂದೇಶದ ಕನ್ನಡ

ಸಾರ್ವಜನಿಕ ಆರೋಗ್ಯದ ವಿಷಯವನ್ನು ಜನರಿಗೆ ತಿಳಿಯಹೇಳುವ ಕಾರ್ಯ ವೈದ್ಯರದು ಮತ್ತು ಸರಕಾರದ್ದು; ಭಾಷೆ ಸಾಹಿತ್ಯಗಳ ಅಭ್ಯಾಸದಲ್ಲಿ ತೊಡಗಿರುವವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ ನಮ್ಮ ವಿದ್ವದ್ವಲಯದಲ್ಲಿ ಬಹುಮಟ್ಟಿಗೆ ಬೇರೂರಿದೆ. ಇದು ಸರಿಯಲ್ಲವೆಂದು ನಮಗೆ ತೋರುತ್ತದೆ. ವಾಟ್ಸ್ಆ್ಯಪ್, ಫೇಸ್‌ಬುಕ್ ಮೊದಲಾದ ಸಮಾಜಮಾಧ್ಯಮಗಳ ಮೂಲಕ ಮನೆಮನೆಗೆ ಬರುವ ಆರೋಗ್ಯಸಂದೇಶವು ಬೇರೆ ಏನಾಗಿದ್ದರೂ ಮೊದಲು ಒಂದು ಗದ್ಯಖಂಡ. ಅದಕ್ಕೆ ಶಬ್ದಗಳಿವೆ, ವಾಕ್ಯರಚನೆಯಿದೆ, ಹೇಳುವವನೊಬ್ಬನು ಇದ್ದಾನೆ ಅಥವಾ ಇರಬೇಕಾಗಿತ್ತು, ಕೇಳುವವನಂತೂ ಇದ್ದೇ ಇದ್ದಾನೆ. 2020ನೆಯ ಇಸವಿಯಿಂದ ಈಚೆಗೆ ಕನ್ನಡಿಗರು ಅತ್ಯಂತ ಆತಂಕದಿಂದ ಓದಿದ ಕನ್ನಡ ಗದ್ಯ ಯಾವುದೆಂದರೆ ಅದು ಇದೇ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಇಷ್ಟು ಜನ, ಇಷ್ಟು ಗಮನವಿಟ್ಟು ಓದಿದ ಗದ್ಯವನ್ನು ವಿಮರ್ಶಕರು ಓದದೆ ಬಿಟ್ಟರೆ ಅದು ವಿಮರ್ಶೆಯ ಕೊರತೆಯೇ ಹೊರತು ಗದ್ಯದ ಕೊರತೆಯಲ್ಲ. ಸಂದೇಶದೊಳಗಿನ ವೈದ್ಯಶಾಸ್ತ್ರವನ್ನು ಪರೀಕ್ಷಿಸುವ ಅರ್ಹತೆ ನಮಗಿಲ್ಲ. ಅದರ ಕನ್ನಡವನ್ನು ಕುರಿತು ಎರಡು ಮಾತು ಹೇಳುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಶಬ್ದವನ್ನು ತೆಗೆದುಕೊಳ್ಳೋಣ. ಕೋವಿಡ್ ವ್ಯಾಧಿ ನಮ್ಮ ದೇಶದಲ್ಲಿ ಹರಡತೊಡಗಿದ 2020ರ ಮಾರ್ಚಿಯಲ್ಲಿ ‘ಸಾಮಾಜಿಕ ಅಂತರ’ ಎಂಬ ನುಡಿ ಕನ್ನಡದಲ್ಲಿ ಹುಟ್ಟಿತು. ಇಂಗ್ಲಿಷಿನ ‘ಸೋಷಿಯಲ್ ಡಿಸ್ಟೆನ್ಸಿಂಗ್’ ಎಂಬುದರ ಪದಶಃ ಅನುವಾದವಿದು. ಮೂಲದ ನುಡಿಯೇ ಸಮರ್ಪಕವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚಿಯಲ್ಲಿ ಹೇಳಿ, ‘ದೈಹಿಕ ಅಂತರ’ ಎಂಬ ಅರ್ಥ ಕೊಡುವ ಇನ್ನೊಂದು ನುಡಿಯನ್ನು ಬಳಸತೊಡಗಿತು. ದೇಹಗಳು ದೂರವಿರಬೇಕು, ಮನುಷ್ಯರ ನಡುವಣ ಸಂಬಂಧ ದೂರವಾಗಬಾರದು ಎಂಬುದು ಅದರ ಆಶಯ. ಕನ್ನಡದಲ್ಲಿ ಮಾತ್ರ ‘ಸಾಮಾಜಿಕ ಅಂತರ’ವೇ ನಿಂತಿತು. ಅಂಗಡಿಯ ಬಾಗಿಲಲ್ಲಿ, ಬಸ್ಸಿನ ಮೈಮೇಲೆ, ದೂರವಾಣಿಯ ಪರದೆಯಲ್ಲಿ ಅದೇ ಕಾಣಿಸಿತು.

ಇಂಗ್ಲಿಷರಿಗೆ ಆ ನುಡಿ ಅಸಮರ್ಪಕವಾಗಿದ್ದಿರಬಹುದು; ನಮ್ಮಲ್ಲಿ ಅದು ಅದಕ್ಕಿಂತ ಕೆಡುಕಿನದು. ಸಾಮಾಜಿಕವಾದ ಅಂತರ ಎಂಬುದು ಈ ನಾಡಿನಲ್ಲಿ ಹೊಸತಾಗಿ ಕಲಿಸಬೇಕಾದ ವಿಷಯವಾಗಿರಲಿಲ್ಲ. ಹೆಜ್ಜೆಗಳ ಲೆಕ್ಕದಲ್ಲಿ ದೂರ ನಿಲ್ಲಬೇಕಾಗಿದ್ದ ಜನ, ಬಾವಿಯ ಕಟ್ಟೆಗೆ ಬರಕೂಡದಾಗಿದ್ದ ಜನ, ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಕುಡಿಯಬೇಕಾಗಿದ್ದ ಜನ ನಮ್ಮಲ್ಲಿ ಇದ್ದರು. ಕೆಲವೆಡೆ ಈಗಲೂ ಇದ್ದಾರೆ. ಯಾವುದನ್ನು ನಿರ್ಮೂಲಗೊಳಿಸಬೇಕೆಂದು ರಾಜ್ಯಾಂಗವೇ ಹೇಳಿದೆಯೋ ಅದನ್ನೇ ‘ಕಾಪಾಡಿಕೊಳ್ಳಿ’ ಎಂದು ಆರೋಗ್ಯದ ಹೆಸರಿನಲ್ಲಿ ಸಾರಿದಂತೆ ಆ ವಾಕ್ಯ ಕೇಳಿಸಿದರೆ ಕೇಳಿದವರ ತಪ್ಪಲ್ಲ. ಬರೆದವರ ಮನಸ್ಸಿನಲ್ಲಿ ಅಂಥ ಭಾವನೆ ಇರಲಿಲ್ಲವೆಂಬುದನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಆದರೆ ಶಬ್ದಕ್ಕೆ ಅದರದೇ ಆದ ನೆನಪು ಇರುತ್ತದೆ. ಬರೆದವನ ಒಳ್ಳೆಯ ಉದ್ದೇಶ ಆ ನೆನಪನ್ನು ಅಳಿಸಲಾರದು.

ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಬೇಕಾಗಿದ್ದ ಮಾತು ಕನ್ನಡದಲ್ಲಿ ಮೊದಲೇ ಇತ್ತು. ಆರು ಅಡಿಯ ದೂರವನ್ನು ಕಾಯ್ದುಕೊಳ್ಳಿ ಎಂಬುದು ಹೇಳಬೇಕಾಗಿದ್ದ ವಿಷಯ. ಎರಡೂ ತೋಳುಗಳನ್ನು ಚಾಚಿದಾಗ ಒಂದು ಕೈಯ ತುದಿಯಿಂದ ಇನ್ನೊಂದು ಕೈಯ ತುದಿಯವರೆಗಿನ ಅಳತೆ ‘ಮಾರು’. ಅದು ಹೆಚ್ಚು ಕಡಿಮೆ ಆರು ಅಡಿಯೇ. ಹೂವಾಡಗಿತ್ತಿ ಮಾರಿನ ಲೆಕ್ಕದಲ್ಲಿ ಹೂವನ್ನು ಅಳೆಯುತ್ತಾಳೆ, ಬಾವಿಯ ಹಗ್ಗವನ್ನು ಮಾರಿನಿಂದ ಅಳೆಯುವುದುಂಟು. ‘ಒಂದು ಮಾರು ದೂರ ನಿಲ್ಲಿ’ ಎಂದಿದ್ದರೆ ಹೇಳಿದ್ದು ತಿಳಿಯುತ್ತಿತ್ತು, ಅಳೆಯುವ ಸಾಧನ ಕೇಳಿದವನ ಮೈಯಲ್ಲಿಯೇ ಇರುತ್ತಿತ್ತು, ಸಮಾಜದ ಮಾತು ನಡುವೆ ಬರುತ್ತಲೇ ಇರಲಿಲ್ಲ. ಹಿಂದಿಯಲ್ಲಿ 2020ರ ಏಪ್ರಿಲಿನಲ್ಲಿ ‘ದೋ ಗಜ್ ದೂರೀ’ ಎಂಬ ಘೋಷಣೆ ಬಂದಿತು. ಅದು ಬಟ್ಟೆಯ ಅಂಗಡಿಯ ಅಳತೆ, ಹಳ್ಳಿಯವರಿಗೂ ಪರಿಚಿತ. ನಮ್ಮವರು ಅದನ್ನು ಕಂಡು ಮಾರನ್ನು ನೆನೆಯಬೇಕಾಗಿತ್ತು. ‘ಎರಡು ಗಜ ಅಂತರ’ ಎಂದು ಅದನ್ನೂ ಅನುವಾದಿಸಿದರು! ಅನುವಾದದ ಅಭ್ಯಾಸ ಬಲಿತಾಗ ಸ್ವಂತ ಮನೆಯ ಪಾತ್ರೆ ಕಣ್ಣಿಗೆ ಬೀಳುವುದಿಲ್ಲ.

ಅದೇ ಕಾಲದಲ್ಲಿ ಬಳಕೆಗೆ ಬಂದ ಇನ್ನೊಂದು ಶಬ್ದ ‘ಸೋಂಕಿತ’. ಕನ್ನಡದ ‘ಸೋಂಕು’ ಎಂಬ ಧಾತುವಿಗೆ ಸಂಸ್ಕೃತದ ಪ್ರತ್ಯಯವನ್ನು ಹಚ್ಚಿ ಮಾಡಿದ ಈ ರೂಪವನ್ನು ವೈಯಾಕರಣರು ಆಕ್ಷೇಪಿಸಬಹುದು. ನಮಗೆ ಆ ಆಕ್ಷೇಪಣೆಯಲ್ಲಿ ಆಸಕ್ತಿಯಿಲ್ಲ. ಬಳಕೆಯಲ್ಲಿ ನಿಂತ ಶಬ್ದ ನಿಂತಿತು. ಹಳಗನ್ನಡದಲ್ಲಿ ಸೋಂಕು ಎಂದರೆ ಸ್ಪರ್ಶವೆಂದಷ್ಟೇ ಅರ್ಥ, ತಂಗಾಳಿಯ ಸ್ಪರ್ಶವೂ ಸೋಂಕೇ. ಆ ಅರ್ಥ ಈಗ ಪೂರ್ತಿಯಾಗಿ ಹಿಂದೆ ಸರಿದಿದೆ. ಆಕ್ಷೇಪಿಸತಕ್ಕದ್ದು ಸೋಂಕಿತ ಎಂಬುದರ ಸುತ್ತಮುತ್ತ ಸೇರಿದ ಮಾತುಗಳನ್ನು. ರೋಗವಿರಬಹುದೆಂದು ಅನುಮಾನವುಳ್ಳವನು ‘ಶಂಕಿತ’ನಾದನು, ರೋಗ ‘ಪತ್ತೆ’ಯಾಯಿತು, ಆಸ್ಪತ್ರೆಗೆ ಹೋಗದವನು ‘ತಲೆಮರೆಸಿಕೊಂಡ’ನು, ಅವನ ಜೊತೆಗಿದ್ದವರಿಗಾಗಿ ‘ಶೋಧ’ ನಡೆಯಿತು. ಇವೆಲ್ಲ ಪೊಲೀಸು ಠಾಣೆಯ ಮಾತುಗಳು. ರಾಜ್ಯದ ದೈನಂದಿನ ಪ್ರಕಟಣೆಗಳಲ್ಲಿ ರೋಗಿಗಳಿಗೆ ‘ಪಿ’ ಎಂಬ ಅಕ್ಷರದೊಡನೆ ಕ್ರಮಸಂಖ್ಯೆ ಕೊಡಲಾಗುತ್ತಿತ್ತು. ಹೆಸರನ್ನು ಮರೆಮಾಡುವುದಕ್ಕಾಗಿ ಕೈಕೊಂಡ ಈ ಕ್ರಮ ಸದುದ್ದೇಶದ್ದೇ. ಆದರೆ ಇಂಥ ಸಂಖ್ಯೆಯವನಿಂದ ಇಂಥ ಸಂಖ್ಯೆಯವರಿಗೆ ಹರಡಿತೆಂಬ ವರದಿಯನ್ನು ಸಮಾಜಮಾಧ್ಯಮದ ಓದುಗರು ಅಪರಾಧಿಗಳ ವಂಶವೃಕ್ಷದಂತೆ ಓದಿದರು. ಅದೇ ಮಾರ್ಚಿಯಲ್ಲಿ ಹೊರದೇಶಗಳಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿ ಕರ್ನಾಟಕದಲ್ಲಿ ಅಧಿಕೃತವಾಗಿಯೇ ಪ್ರಕಟವಾಯಿತು. ಗಳಿಗೆಯೊಳಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತತೊಡಗಿತು. ಜ್ವರ ಬಂದಾಗ ಬಂದು ಹೇಳಿ ಎಂದು ಒಂದು ಸಂದೇಶ. ಹೇಳಿದವರ ಮನೆಯ ನಂಬರು ಇನ್ನೊಂದು ಸಂದೇಶ. ಎರಡೂ ಒಂದೇ ಪರದೆಯ ಮೇಲೆ ಬಂದಾಗ ಓದಿದವನು ಯಾವುದನ್ನು ನಂಬಿಯಾನು? ರೋಗವನ್ನು ಬಚ್ಚಿಡುವ ಪ್ರವೃತ್ತಿ ಜನರ ಅಜ್ಞಾನದಿಂದ ಹುಟ್ಟಿತೆಂದು ಹೇಳುವುದು ವಾಡಿಕೆಯಾಗಿದೆ. ಅದರಲ್ಲಿ ಒಂದು ಪಾಲು ನಮ್ಮ ಗದ್ಯದಿಂದಲೂ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ.

ಇನ್ನು ರೋಗದ ಹೆಸರಿನ ವಿಷಯ. ಈ ವಿಚಾರದಲ್ಲಿ ನಮ್ಮ ನಾಡಿನದೇ ಆದ ಒಂದು ನಿದರ್ಶನವಿದೆ. ಅದನ್ನು ತುಸು ವಿಸ್ತಾರವಾಗಿ ನೋಡುವುದು ಲೇಸು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಹತ್ತಿರದ ಹಳ್ಳಿಗಳ ಜನರಿಗೆ ಜ್ವರ ಬಂದಿತು. ಹಿಂದೆ ಕಂಡಿರದ ಒಂದು ವೈರಸು ಅದಕ್ಕೆ ಕಾರಣವೆಂದು ತಿಳಿದುಬಂದಿತು. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನ ಹೆಸರೇ ನಿಂತಿದೆ. ನಮ್ಮ ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’. ಜನರು ಕಂಡದ್ದು ಸತ್ತ ಮಂಗಗಳನ್ನು; ಹೆಸರಿಟ್ಟದ್ದು ಸಹಜ. ಆದರೆ ಮಂಗವು ಈ ರೋಗದ ಕರ್ತೃವಲ್ಲ; ಮನುಷ್ಯನಂತೆಯೇ ಅದೂ ರೋಗಕ್ಕೆ ತುತ್ತಾಗುವ ಪ್ರಾಣಿ. ರೋಗವನ್ನು ದಾಟಿಸುವುದು ಕಾಡಿನ ಉಣುಗು, ಬಯಲುಸೀಮೆಯ ಹಲವರು ಉಣ್ಣೆ ಎಂದು ಕರೆಯುವ ಕೀಟ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರುತ್ತವೆ. ಅಲ್ಲಿ ನಡೆದಾಡಿದವರಿಗೆ ಹತ್ತುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ.

ಹೀಗಿರುವಲ್ಲಿ ‘ಮಂಗನ ಕಾಯಿಲೆ’ ಎಂದು ತಲೆಬರಹವಿಟ್ಟು, ಮಂಗದ ಚಿತ್ರವೊಂದನ್ನು ಹಾಕಿ ಕಳುಹಿಸಿದ ಸಂದೇಶ ಏನನ್ನು ಹೇಳಿದಂತಾಯಿತು? ಮಂಗವನ್ನು ಕಂಡರೆ ಹೆದರಬೇಕು, ಮಂಗವಿಲ್ಲದಿದ್ದರೆ ಭಯವಿಲ್ಲ ಎಂದು ತಾನೆ? ಕೆಳಗೆ ಸಣ್ಣ ಅಕ್ಷರದಲ್ಲಿ ಉಣುಗಿನ ವಿಷಯ ಬಂದಿರಬಹುದು. ಆದರೆ ತಲೆಬರಹವೂ ಚಿತ್ರವೂ ಒಂದು ಕಡೆಗೆ ಎಳೆದಾಗ ಸಣ್ಣ ಅಕ್ಷರದ ಗದ್ಯ ಸೋಲುವುದು ಖಂಡಿತ. ಹೆಸರನ್ನು ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಆರು ದಶಕಗಳಿಗೂ ಮಿಕ್ಕು ಜನರ ನಾಲಗೆಯಲ್ಲಿ ನಿಂತ ಹೆಸರನ್ನು ಸುತ್ತೋಲೆಯಿಂದ ಕಿತ್ತುಹಾಕಲಾಗುವುದಿಲ್ಲ. ಕೇರಳದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಈ ರೋಗ ಕಾಣಿಸಿಕೊಂಡಾಗ ಅಲ್ಲಿಯ ಭಾಷೆಗಳಲ್ಲಿ ಹುಟ್ಟಿದ ಹೆಸರುಗಳೂ ಮಂಗದ ಜ್ವರ ಎಂಬ ಅರ್ಥದವೇ. ಆದರೆ ಹೆಸರು ಮಂಗನದಾದರೆ ಚಿತ್ರವಾದರೂ ಉಣುಗಿನದಾಗಬಹುದು. ಮೊದಲನೆಯ ವಾಕ್ಯವೇ ಉಣುಗಿನಿಂದ ತೊಡಗಬಹುದು. ಇದರ ಮೇಲೆ 2022ರಲ್ಲಿ ಮಂಕಿಪಾಕ್ಸ್ ಎಂಬ ಬೇರೆಯೇ ಒಂದು ರೋಗದ ವಾರ್ತೆ ಬಂದಿತು. ಅದಕ್ಕೂ ಮಲೆನಾಡಿನ ಜ್ವರಕ್ಕೂ ಯಾವ ಸಂಬಂಧವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ ಎಂಪಾಕ್ಸ್ ಎಂದು ಮರುನಾಮಕರಣ ಮಾಡಿತು. ಮಂಗನ ಹೆಸರು ಮೊದಲೇ ಒಂದು ರೋಗಕ್ಕೆ ಸಂದುಹೋಗಿರುವ ನಮ್ಮ ಭಾಷೆಯಲ್ಲಿ ಈ ಎರಡನೆಯದರ ಹೆಸರನ್ನು ಕನ್ನಡಿಸದೆ ಬಿಡುವುದೇ ಕ್ಷೇಮ. ಅನುವಾದಿಸಬಾರದ ಸಂದರ್ಭವೂ ಒಂದುಂಟು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಈ ರೋಗದ ಸಂದೇಶಗಳಲ್ಲಿ ಇನ್ನೊಂದು ದೋಷ ಕ್ರಿಯಾಪದದ್ದು. ‘ಕಾಡಿಗೆ ಹೋಗಬೇಡಿ’ ಎಂಬುದು ಇಂಥ ಸಂದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ವಿಧಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಲ. ಅದೇ ಕಾಲದಲ್ಲಿ ಮಲೆನಾಡಿನಲ್ಲಿ ಅಡಕೆಯ ಕೊಯ್ಲು ನಡೆಯುತ್ತದೆ. ಕೊಟ್ಟಿಗೆಗೆ ತರಗೆಲೆ ತರಬೇಕು, ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತರಬೇಕು, ಸೌದೆ ತರಬೇಕು, ದನ ಕಾಯಬೇಕು. ಕಾಡಿಗೆ ಹೋಗದೆ ಬದುಕುವಷ್ಟು ಅನುಕೂಲವುಳ್ಳವನಿಗೆ ಈ ಸಂದೇಶದ ಅಗತ್ಯವಿಲ್ಲ. ಅಗತ್ಯವುಳ್ಳವನಿಗೆ ಇದನ್ನು ಪಾಲಿಸಲು ಸಾಧ್ಯವಿಲ್ಲ. ನಡೆಸಲಾಗದ ಆಜ್ಞೆಯನ್ನು ಓದಿದವನು ಅದರ ಜೊತೆಗೆ ಬಂದ ನಡೆಸಬಹುದಾದ ಮಾತುಗಳನ್ನೂ ಒಟ್ಟಿಗೆ ಬದಿಗಿಡುತ್ತಾನೆ. ಅದರ ಬದಲು ‘ಕಾಡಿಗೆ ಹೋಗುವ ಮುಂಚೆ’ ಎಂದು ತೊಡಗಿದರೆ ಸಂದೇಶವು ಕೇಳುವವನ ದಿನಚರಿಯೊಳಕ್ಕೆ ಕಾಲಿಟ್ಟಂತಾಗುತ್ತದೆ. ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಹಚ್ಚುವುದು, ಮೈಮುಚ್ಚುವ ಬಟ್ಟೆ ತೊಡುವುದು, ಬಂದ ಮೇಲೆ ಬಿಸಿನೀರು ಸಾಬೂನಿನಿಂದ ಮೈತೊಳೆದು ಉಣುಗು ಕಚ್ಚಿದೆಯೆ ಎಂದು ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸುವುದು: ಇಷ್ಟೇ ವಿಷಯ. ‘ಬೇಡಿ’ ಎಂಬುದರಿಂದ ‘ಮುಂಚೆ’ ಎಂಬುದಕ್ಕೆ ಬರುವುದು ವ್ಯಾಕರಣದಲ್ಲಿ ಸಣ್ಣ ಬದಲಾವಣೆ. 2018ರ ಡಿಸೆಂಬರಿನಿಂದ ಸಾಗರ ತಾಲೂಕಿನ ಅರಳಗೋಡು ಪ್ರದೇಶದಲ್ಲಿ ಏನಾಯಿತೆಂಬುದನ್ನು ಬಲ್ಲವರು ಇದನ್ನು ಸಣ್ಣದೆನ್ನಲಾರರು. ಬಹುಕಾಲದಿಂದ ಬಳಕೆಯಲ್ಲಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2024ರ ಮೊದಲ ತಿಂಗಳುಗಳಲ್ಲಿ ಮತ್ತೆ ಸಾವುಗಳಾದವು. ಚುಚ್ಚುವುದಕ್ಕೆ ಆ ಲಸಿಕೆಯೂ ಇಲ್ಲದ ಋತುಗಳಲ್ಲಿ ಮಲೆನಾಡಿಗನ ಕೈಯಲ್ಲಿ ಉಳಿದದ್ದು ಒಂದು ಸೀಸೆ ಎಣ್ಣೆ ಮತ್ತು ನಾಲ್ಕು ವಾಕ್ಯ. ಆ ನಾಲ್ಕು ವಾಕ್ಯಗಳನ್ನು ಯಾರು, ಯಾವ ಕನ್ನಡದಲ್ಲಿ ಬರೆಯುತ್ತಾರೆಂಬುದು ಕೇವಲ ಶೈಲಿಯ ಪ್ರಶ್ನೆಯಲ್ಲ.

ಆಪತ್ಕಾಲದಲ್ಲಿ ಭಾಷೆಯನ್ನು ತಿದ್ದುತ್ತ ಕೂರಲು ವ್ಯವಧಾನವೆಲ್ಲಿದೆ ಎಂದು ಕೇಳುವವರುಂಟು. ಅದಕ್ಕೆ ನಮ್ಮ ಉತ್ತರ, ಎದುರು ಪಕ್ಷದವರ ಗದ್ಯವನ್ನು ನೋಡಿ ಎಂಬುದು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಲಸಿಕೆಯ ಅಭಿಯಾನ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕಬೇಕೆಂಬುದು ಗುರಿ. ಲಸಿಕೆ ಅಪಾಯಕರವೆಂಬ ವದಂತಿಗಳು ವಾಟ್ಸ್ಆ್ಯಪಿನಲ್ಲಿ ಹಬ್ಬಿ, ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸಲು ಹಿಂಜರಿದರು. ಲಸಿಕೆಯ ಪರವಾದ ಪ್ರಕಟಣೆ ಸರಿಯಾಗಿತ್ತು, ವದಂತಿ ಸುಳ್ಳಾಗಿತ್ತು. ಆದರೂ ವದಂತಿ ಮುಂದೆ ಓಡಿತು. ಏಕೆ?

ವದಂತಿಯ ಗದ್ಯ ಒಳ್ಳೆಯ ಗದ್ಯ. ಈ ಮಾತು ಹಲವರಿಗೆ ಅಪ್ರಿಯವಾಗಬಹುದು. ಅದಕ್ಕೆ ಒಬ್ಬ ನಿರೂಪಕನಿದ್ದಾನೆ. ಅವನಿಗೆ ಅಕ್ಕ, ಭಾವ, ಅಕ್ಕನ ಮಗಳು ಇದ್ದಾರೆ. ಊರಿನ ಹೆಸರಿದೆ, ಶಾಲೆಯ ಹೆಸರಿದೆ. ನಿನ್ನೆ ಬೆಳಗ್ಗೆ ಎಂಬ ಕಾಲಸೂಚನೆಯಿದೆ. ಕೊನೆಯಲ್ಲಿ ‘ನಿಮ್ಮ ಮಕ್ಕಳ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ, ನಾಲ್ಕು ಜನಕ್ಕೆ ತಿಳಿಸಿ’ ಎಂಬಂಥ ಬಿನ್ನಹವಿದೆ. ಅಂದರೆ ಜನಪದ ಕಥೆಯ ಎಲ್ಲ ಲಕ್ಷಣಗಳೂ ಅಲ್ಲಿ ಕೂಡಿವೆ. ಅಧಿಕೃತ ಪ್ರಕಟಣೆಯಲ್ಲಿಯೋ, ಕರ್ತೃವೇ ಇಲ್ಲ. ‘ಲಸಿಕೆಯನ್ನು ನೀಡಲಾಗುವುದು’, ‘ಸಹಕರಿಸಲು ಕೋರಲಾಗಿದೆ’, ‘ಕ್ರಮ ಜರುಗಿಸಲಾಗುವುದು’: ಮೂರೂ ಕರ್ಮಣಿ ಪ್ರಯೋಗ. ಕನ್ನಡದ ಜಾಯಮಾನಕ್ಕೆ ಕರ್ಮಣಿ ಪ್ರಯೋಗ ಒಗ್ಗದೆಂದು ನಮ್ಮ ವೈಯಾಕರಣರು ಬಹಳ ಹಿಂದೆಯೇ ಗಮನಿಸಿದ್ದಾರೆ. ಕಚೇರಿಯ ಕಡತದಲ್ಲಿ ಅದರಿಂದ ಹಾನಿಯಿಲ್ಲ. ತಾಯಿಯೊಬ್ಬಳು ತನ್ನ ಮಗುವಿನ ತೋಳನ್ನು ಯಾರ ಕೈಗೆ ಕೊಡಬೇಕೆಂದು ಯೋಚಿಸುತ್ತಿರುವಾಗ, ಕೊಡಿಸುವವನು ಯಾರೆಂಬುದನ್ನೇ ಹೇಳದ ವಾಕ್ಯ ಅವಳಿಗೆ ಯಾವ ಧೈರ್ಯವನ್ನು ತುಂಬೀತು? ರುಬೆಲ್ಲಾದ ವಿಷಯದಲ್ಲಂತೂ ಹೇಳಲು ಒಂದು ಸತ್ಯಕಥೆಯೇ ಇತ್ತು. ಮಕ್ಕಳಿಗೆ ಅದು ಸೌಮ್ಯವಾದ ಜ್ವರ; ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಗಳಿಗೆ ಊನವಾಗುತ್ತದೆ. ಈ ಹುಡುಗನಿಗೆ ಇಂದು ಹಾಕುವ ಲಸಿಕೆ ಇನ್ನೂ ಹುಟ್ಟದ ಯಾರದೋ ಮಗುವನ್ನು ಕಾಯುತ್ತದೆ ಎಂಬುದು ಎಂಥ ಕಲ್ಲೆದೆಯನ್ನೂ ಮುಟ್ಟುವ ವಿಷಯ. ‘ಜನ್ಮಜಾತ ರುಬೆಲ್ಲಾ ರೋಗಲಕ್ಷಣ ನಿಯಂತ್ರಣ’ ಎಂಬ ಸಮಾಸದೊಳಗೆ ಅದು ಉಸಿರುಕಟ್ಟಿಹೋಯಿತು.

ವದಂತಿಯನ್ನು ಅನುಕರಿಸಬೇಕೆಂದು ಇದರಿಂದ ಅರ್ಥಮಾಡಬಾರದು. ಅದರ ಬಲ ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು 2018ರ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ ಕಂಡಿದ್ದೇವೆ. ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿಗೆ ಒಬ್ಬ ತರುಣ ಬಲಿಯಾದನು. ನಾವು ಹೇಳುವುದಿಷ್ಟೆ: ಹೇಳುವವರು ಯಾರೆಂಬುದು ಸಂದೇಶದ ಹೊರಗಿನ ಅಲಂಕಾರವಲ್ಲ, ಅದರ ಅರ್ಥದ ಒಂದು ಭಾಗ. ಕನ್ನಡಕ್ಕೆ ಇದು ಹೊಸ ಪಾಠವೂ ಅಲ್ಲ. ವೈದ್ಯರಾದ ಡಾ. ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಲ್ಲಿ ಕೊರವಂಜಿಯನ್ನು ನಡೆಸಿದವರು. ಮನಸ್ಸಿನ ವ್ಯಾಪಾರಗಳನ್ನು ಹರಟೆಯ ಹದದಲ್ಲಿ ತಿಳಿಸಿಕೊಟ್ಟವರು. ಡಾ. ಅನುಪಮಾ ನಿರಂಜನರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದಾಗ, ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ಒಬ್ಬ ಹೆಣ್ಣುಮಗಳೇ ಉತ್ತರ ಹೇಳಿದಳು, ಅವರು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದುದು ಆಕಸ್ಮಿಕವಲ್ಲ. ಇನ್ನೂ ಹಿಂದಕ್ಕೆ ಹೋದರೆ, 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಅವರಲ್ಲೊಬ್ಬಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುವುದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನೆಂದು ಚರಿತ್ರಕಾರ ನೈಜಲ್ ಚಾನ್ಸಲರ್ ವಿವರಿಸಿದ್ದಾರೆ. ಈ ವಿವರಣೆಯನ್ನು ಒಪ್ಪುವುದಾದರೆ, ಅರಸಿಯ ತೋಳೇ ಅಲ್ಲಿ ಸಂದೇಶ. ಕರ್ಮಣಿ ಪ್ರಯೋಗಕ್ಕೆ ಅಲ್ಲಿ ಎಡೆಯಿಲ್ಲ.

ಈಚಿನ ಕೆಲವು ಪ್ರಯೋಗಗಳೂ ಇದೇ ದಿಕ್ಕನ್ನು ತೋರುತ್ತವೆ. 2020ರಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿಯವರು ಬಂಗಾಳಿಯಲ್ಲಿ ಮಾತನಾಡಿದ ಎರಡೂವರೆ ನಿಮಿಷದ ಚಿತ್ರಿಕೆಯ ಕೊಂಡಿಯನ್ನು ಪಶ್ಚಿಮ ಬಂಗಾಳದ ಸುಮಾರು ಎರಡೂವರೆ ಕೋಟಿ ಜನರಿಗೆ ದೂರವಾಣಿಯಲ್ಲಿ ಕಳುಹಿಸಲಾಯಿತು. ರೋಗಲಕ್ಷಣವನ್ನು ಆರೋಗ್ಯ ಕಾರ್ಯಕರ್ತರಿಗೆ ತಿಳಿಸುವುದು ಅದರಿಂದ ಇಮ್ಮಡಿಯಾಯಿತೆಂದು ವರದಿಯಾಗಿದೆ. ಅವರು ವೈದ್ಯರಲ್ಲ, ಆದರೆ ಬಂಗಾಳಿಗಳಿಗೆ ತಮ್ಮವರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದಲ್ಲಿ, ಹಬ್ಬಕ್ಕೆ ಪ್ರಯಾಣ ಮಾಡಬೇಡಿರೆಂದು ವೈದ್ಯರು ದಾದಿಯರು ಹೇಳಿದ ಇಪ್ಪತ್ತು ಸೆಕೆಂಡಿನ ಚಿತ್ರಿಕೆಗಳನ್ನು ಫೇಸ್‌ಬುಕ್ಕಿನಲ್ಲಿ ಕೋಟ್ಯಂತರ ಜನರಿಗೆ ತೋರಿಸಲಾಯಿತು. ಪ್ರಯಾಣ ಶೇಕಡಾ ಒಂದರಷ್ಟು ಮಾತ್ರ ಇಳಿಯಿತು. ಸೋಂಕು ಶೇಕಡಾ 3.5ರಷ್ಟು ಕಡಿಮೆಯಾಯಿತು. ಇವು ದೊಡ್ಡ ಸಂಖ್ಯೆಗಳಲ್ಲ. ಸಮಾಜಮಾಧ್ಯಮವನ್ನು ಸರ್ವರೋಗನಿವಾರಕವೆಂಬಂತೆ ಕೊಂಡಾಡುವವರು ಇವನ್ನು ಎರಡು ಸಲ ಓದುವುದು ಒಳ್ಳೆಯದು. ಉತ್ತರ ಭಾರತದಲ್ಲಿ 2013ರಲ್ಲಿ ಬಿಹಾರದಿಂದ ತೊಡಗಿದ ‘ಕಿಲ್ಕಾರಿ’ ಎಂಬ ಯೋಜನೆ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಗರ್ಭಿಣಿಯ ಮನೆಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಧ್ವನಿಸಂದೇಶ ಬರುತ್ತದೆ. ಮಾತನಾಡುವವಳು ಡಾಕ್ಟರ್ ಅನಿತಾ. ಅಂಥ ಡಾಕ್ಟರು ಇಲ್ಲ, ಅವಳು ಕಲ್ಪಿತ ಪಾತ್ರ! ನಿಜವನ್ನು ಹೇಳುವುದಕ್ಕೆ ಕಾದಂಬರಿಯ ಉಪಾಯವನ್ನು ಆರೋಗ್ಯ ಇಲಾಖೆಯೇ ಹೂಡಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಮೆಚ್ಚಿಗೆಯ ಸುದ್ದಿ ಯಾವುದು?

ಧ್ವನಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಸೇರಿಸಬೇಕು. ಪರದೆಯ ಮೇಲಣ ಬರಹ ಎಲ್ಲರನ್ನೂ ಮುಟ್ಟುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ದೂರವಾಣಿಯುಳ್ಳ ಹೆಂಗಸರು ದೇಶದಲ್ಲಿ ನೂರಕ್ಕೆ 54ರಷ್ಟು ಮಾತ್ರ. ಅಂತರ್ಜಾಲವನ್ನು ಎಂದಾದರೂ ಬಳಸಿದವರು ಮೂವರಲ್ಲಿ ಒಬ್ಬಳು. ಬಾಣಂತಿಯ ಆರೈಕೆಯ ಸಂದೇಶ ಗಂಡನ ಜೇಬಿನಲ್ಲಿ ಬಂದು, ಅಲ್ಲಿಯೇ ಉಳಿಯುವುದು ಅಪರೂಪವಲ್ಲ. ಹೀಗಿರುವಲ್ಲಿ ಸಂದೇಶದ ನಿಜವಾದ ವಾಹಕಿ ಇಂದಿಗೂ ಆಶಾ ಕಾರ್ಯಕರ್ತೆಯೇ. ಆಕೆಗೆ ಬರುವ ಗ್ರಂಥಸ್ಥ ಕನ್ನಡವನ್ನು ಕಲಬುರಗಿಯಲ್ಲಿ ಅಲ್ಲಿಯ ಮಾತಿಗೂ ಕುಂದಾಪುರದಲ್ಲಿ ಅಲ್ಲಿಯ ಮಾತಿಗೂ ತಿರುಗಿಸುವವಳು ಆಕೆ. ಈ ಭಾಷಾಂತರಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

ಕೊನೆಯದಾಗಿ ನಮ್ಮ ಶಾಸ್ತ್ರಕ್ಕೆ ತೀರ ಹತ್ತಿರವಾದ ಒಂದು ವಿಚಾರ. ಸಂದೇಶವನ್ನು ಒಬ್ಬರಿಂದೊಬ್ಬರು ಮುಂದಕ್ಕೆ ಕಳುಹಿಸುವ ಕ್ರಿಯೆ ಓಲೆಗರಿಯ ಪ್ರತಿಮಾಡುವ ಕ್ರಿಯೆಯನ್ನು ನೆನಪಿಗೆ ತರುತ್ತದೆ. ಪಾಠಾಂತರ, ಲೋಪ, ಪ್ರಕ್ಷೇಪಗಳೆಲ್ಲ ಇಲ್ಲಿಯೂ ಉಂಟು: ಎರಡು ಸಾಲು ಬಿಟ್ಟುಹೋಗುತ್ತದೆ, ಯಾರೋ ಕಷಾಯದ ವಿಧಿಯೊಂದನ್ನು ಸೇರಿಸುತ್ತಾರೆ, ದೊಡ್ಡ ವೈದ್ಯರೊಬ್ಬರ ಹೆಸರು ಮೇಲೆ ಬಂದು ಕೂರುತ್ತದೆ. ಆದರೆ ಹಳೆಯ ಲಿಪಿಕಾರನು ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಕೊಟ್ಟು, ತನ್ನ ಹೆಸರನ್ನು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುವ ಸೌಜನ್ಯವುಳ್ಳವನಾಗಿದ್ದನು. ನಮ್ಮ ಆರೋಗ್ಯಸಂದೇಶಕ್ಕೆ ಪುಷ್ಪಿಕೆಯಿಲ್ಲ. ವಾಟ್ಸ್ಆ್ಯಪ್ ಸಂಸ್ಥೆ 2018ರ ಜುಲೈಯಲ್ಲಿ ಮುಂದೆ ಕಳುಹಿಸಿದ ಸಂದೇಶಗಳಿಗೆ ಗುರುತು ಹಚ್ಚಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ ಬಹಳ ಸಲ ದಾಟಿಬಂದುದನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಮಾಡಿತು. ಅಂಥ ಸಂದೇಶಗಳ ಓಡಾಟ ಇದರಿಂದ ಶೇಕಡಾ 70ರಷ್ಟು ಇಳಿಯಿತೆಂದು ಸಂಸ್ಥೆಯೇ ಹೇಳಿತು. ಒಳ್ಳೆಯದೇ. ಆದರೆ ಆ ಗುರುತು ಪ್ರತಿಗಳು ಬಹಳವಾಗಿವೆಯೆಂದು ಹೇಳುತ್ತದೆಯೇ ಹೊರತು ಮೂಲಪ್ರತಿ ಎಲ್ಲಿಯದು, ಎಂದಿನದು ಎಂದು ಹೇಳುವುದಿಲ್ಲ.

ತಿಥಿಯಿಲ್ಲದಿರುವುದರ ಕೇಡು ಆರೋಗ್ಯದ ವಿಷಯದಲ್ಲಿ ಹೆಚ್ಚು. ಏಕೆಂದರೆ ಇಲ್ಲಿ ನಿನ್ನೆಯ ಸತ್ಯ ಇಂದು ತಿದ್ದುಪಡಿಯಾಗುತ್ತದೆ, ಆಗಲೂ ಬೇಕು. ಆರೋಗ್ಯವಂತರಿಗೆ ಮುಖಗವುಸು ಬೇಡವೆಂದು 2020ರ ಆದಿಯಲ್ಲಿ ಹೇಳುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, ರೋಗ ಹರಡಿರುವೆಡೆ ಸಾರ್ವಜನಿಕರು ಬಟ್ಟೆಯ ಗವುಸು ಧರಿಸಬೇಕೆಂದು ಆ ವರ್ಷದ ಜೂನಿನಲ್ಲಿ ಸಲಹೆಮಾಡಿತು. ದಿನಾಂಕವಿಲ್ಲದ ಮೊದಲನೆಯ ಸಲಹೆ ಜುಲೈಯಲ್ಲಿ ಒಬ್ಬನ ಕೈಗೆ ಬಂದರೆ ಅವನಿಗೆ ಕಾಣುವುದು ತಿದ್ದುಪಡಿಯಲ್ಲ, ಎರಡು ನಾಲಗೆ. ದಿನಾಂಕವನ್ನು ಚಿತ್ರದ ಕೆಳಗೋ ಶಿರೋನಾಮೆಯಲ್ಲಿಯೋ ಹಾಕಿದರೆ ಸಾಲದು. ಮೂರನೆಯ ಪ್ರತಿಯಲ್ಲಿ ಅದು ಕತ್ತರಿಸಿ ಹೋಗಿರುತ್ತದೆ. ವಾಕ್ಯದೊಳಗೆ ಹೆಣೆದ ದಿನಾಂಕ ಮಾತ್ರ ವಾಕ್ಯದೊಡನೆ ಪ್ರಯಾಣಮಾಡುತ್ತದೆ.

ಈ ಎಲ್ಲವನ್ನೂ ಗಮನದಲ್ಲಿಟ್ಟುಕೊಂಡು ಮಲೆನಾಡಿನ ಸಂದೇಶವೊಂದನ್ನು ಬರೆದರೆ ಹೀಗಿರಬಹುದೆಂದು ನಮಗೆ ತೋರುತ್ತದೆ:

‘ನಮ್ಮೂರ ಆಶಾ ಕಾರ್ಯಕರ್ತೆ ನಾನು ಮಾತಾಡುತ್ತಿದ್ದೇನೆ. ಇವತ್ತು ಜನವರಿ ಹತ್ತು. ಮಂಗನ ಕಾಯಿಲೆ ಬರುವುದು ಉಣುಗು ಕಚ್ಚಿ, ಮೇ ಮುಗಿಯುವವರೆಗೂ ಹುಷಾರಾಗಿರಬೇಕು. ದರಕು, ಸೊಪ್ಪು ತರಲು ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಎಣ್ಣೆ ಮುಗಿದಿದ್ದರೆ ನನ್ನನ್ನು ಕೇಳಿ. ಮನೆಗೆ ಬಂದವರು ಬಿಸಿನೀರು ಮಿಂದ ಮೇಲೆಯೇ ಒಳಗೆ ಬನ್ನಿ. ಜ್ವರ ಬಂದರೆ ಮುಚ್ಚಿಡಬೇಡಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಿಮ್ಮ ಹೆಸರು ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ.’

ಇದರಲ್ಲಿ ಕಾರ್ಯಕರ್ತೆಯ ಹೆಸರನ್ನು ಆಯಾ ಊರಿನವರು ತುಂಬಿಕೊಳ್ಳಬೇಕು; ‘ದರಕು’ ಎಂಬುದನ್ನು ಆ ಮಾತು ನಡೆಯದ ಊರುಗಳಲ್ಲಿ ತರಗೆಲೆ ಎಂದೂ, ಘಟ್ಟದಿಂದಾಚೆ ಉಣುಗನ್ನು ಅಲ್ಲಿಯ ಹೆಸರಿನಿಂದಲೂ ಹೇಳಬೇಕು. ಕೊನೆಯ ವಾಕ್ಯವನ್ನು ಇಲಾಖೆ ಒಪ್ಪುವುದಾದರೆ ಮಾತ್ರ ಸೇರಿಸತಕ್ಕದ್ದು. ಒಪ್ಪಿದ ಮೇಲೆ ಅದನ್ನು ನಡೆಸತಕ್ಕದ್ದು.